ಮುಖ ತಿರುಗಿಸಿದ ತಾಯಿ

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಪಕ್ಕದವನ ಮೊಣಕೈ ತಾಗಿದಾಗ ಸದ್ಯ ಒಬ್ಬ ಸಿಕ್ಕಿದ ಅಂದುಕೊಂಡಳು. ಅವನು "ಸಾರಿ ಮೇಡಂ" ಎಂದು ಅಷ್ಟು ಬೇಗ ಮುದುಡಿಕೊಂಡುಬಿಟ್ಟ, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಬೇಕಾಯಿತು. ವಿಭಾಗದ ಮೆಟ್ಟಿಲು ಒರೆಸುತ್ತಿದ್ದವಳು, "ಏನು ಮೇಡಂ, ಇಷ್ಟು ಬೇಗ? ಮನೇಲಿ ಜಗಳಾನಾ?" ಎಂದು ನಕ್ಕಳು. ಅದಕ್ಕೂ ರೇಗುವ ಹಾಗಿರಲಿಲ್ಲ, ಏಕೆಂದರೆ ಅವಳು ಹೇಳಿದ್ದು ಹೆಚ್ಚೂಕಮ್ಮಿ ನಿಜವೇ ಆಗಿತ್ತು. ಹಳೆ ಫಿಲ್ಮುಗಳ ಕೋಣೆಯ ಬೀಗ ಎಂದಿನಂತೆ ಸತಾಯಿಸಿತು. ಬೀಗಕ್ಕೆ ಬೈದಳು, ಬಾಗಿಲಿಗೆ ಬೈದಳು, ಈ ಬೀಗದ ಕೈಯನ್ನು ನಂಬಿಕೆಯಿಂದ ತನ್ನ ಕೈಗೆ ಕೊಟ್ಟ ಪ್ರೊಫೆಸರನ್ನೂ ಮನಸ್ಸಿನಲ್ಲೇ ಬೈದಳು. ಒಳಗೆ ಹೋಗಿ ದೀಪ ಹಾಕಿಕೊಂಡ ಮೇಲೆ, ತಾನು ಬಂದಿರುವುದು ಕಳ್ಳತನಕ್ಕೋ ಅಥವಾ ಕಳವಾದ ಒಡವೆ ವಾಪಸು ತೆಗೆದುಕೊಂಡು ಹೋಗಲಿಕ್ಕೋ ಎಂಬುದು ಅವಳಿಗೇ ತಿಳಿಯಲಿಲ್ಲ.

ಅವಳ ಕೆಲಸ ನೋಡುವುದು, ನೋಡಲು ಕಲಿಸುವುದು. ಮನಶ್ಶಾಸ್ತ್ರ ವಿಭಾಗದ ಕೊನೆಯ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಗಾಜು. ಆ ಕಡೆಯಿಂದ ಅದು ಕನ್ನಡಿ, ಈ ಕಡೆಯಿಂದ ಕಿಟಕಿ. ಆ ಕಡೆ ತಾಯಿಯನ್ನೂ ಮಗುವನ್ನೂ ಕೂರಿಸಿ ಆಟದ ಸಾಮಾನು ಕೊಡುತ್ತಾರೆ. ಈ ಕಡೆ ಕತ್ತಲಲ್ಲಿ ಕೂತ ವೀಕ್ಷಕರು ಗುಂಡಿ ಒತ್ತುತ್ತಾರೆ. ತಾಯಿ ಮುಟ್ಟಿದರೆ, ನಕ್ಕರೆ, ಮಗುವಿನ ಕಣ್ಣಲ್ಲಿ ಕಣ್ಣಿಟ್ಟರೆ ಹಸಿರು. ದೂರ ಕೂತರೆ, ಮುಖ ತಿರುಗಿಸಿದರೆ ಕೆಂಪು. ಕೊನೆಗೆ ಎರಡನ್ನೂ ಕೂಡಿ ಕಳೆದರೆ ತಾಯಿ ಎಷ್ಟು ಬೆಚ್ಚಗಿದ್ದಾಳೆ ಎಂದು ಗೊತ್ತಾಗುತ್ತದೆ, ಜ್ವರ ನೋಡಿದ ಹಾಗೆ. ಹೊಸ ವೀಕ್ಷಕರೆಲ್ಲ ಮೊದಲು ಕೈ ಪಳಗಿಸಿಕೊಳ್ಳುವುದು ಒಂದು ಹಳೆಯ ಕಪ್ಪುಬಿಳುಪು ಚಿತ್ರದ ಮೇಲೆ. ಪ್ರೊಫೆಸರು ಯೌವನದಲ್ಲಿ ತೆಗೆದದ್ದು. ಅವರಿಗೆ ಹೆಸರು ತಂದುಕೊಟ್ಟದ್ದು. ಒಬ್ಬ ಹೆಂಗಸು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಾಳೆ. ಕೋಣೆಯ ಇನ್ನೊಂದು ಕೊನೆಯಲ್ಲಿ ಪುಟ್ಟ ಹುಡುಗ ಮರದ ತುಂಡುಗಳನ್ನು ಸಾಲಾಗಿ ಇಡುತ್ತಿದ್ದಾನೆ. ಹೆಂಗಸಿನ ಕಣ್ಣಿನ ಮೇಲೆ ಕಪ್ಪು ಪಟ್ಟಿ, ಗುರುತು ಸಿಗಬಾರದೆಂದು. ಧ್ವನಿಯನ್ನೂ ತೆಗೆದಿದ್ದಾರೆ, ಅದೇ ಕಾರಣಕ್ಕೆ. ಹುಡುಗ ಇದ್ದಕ್ಕಿದ್ದಂತೆ ಕೈಯಿಂದ ಮುಖ ಮುಚ್ಚಿಕೊಂಡು ಬಾಯಿ ತೆರೆಯುತ್ತಾನೆ, ಅಳುತ್ತಿದ್ದಾನೆಂದು ಗೊತ್ತಾಗುತ್ತದೆ. ಆಗ ಹೆಂಗಸು ಅರ್ಧ ಎದ್ದು, ಚಾಚಿದ ಕೈ ಹಿಂದಕ್ಕೆಳೆದುಕೊಂಡು ಅವನಿಂದ ಮುಖ ತಿರುಗಿಸುತ್ತಾಳೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಆ ಕೊನೆಯ ಚೌಕಟ್ಟು ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ, ಅಡಿಯಲ್ಲಿ ಎರಡು ಪದ: ಶೀತಲ ತಾಯಿ. ಹೆಂಗಸಿನ ತುಟಿ ಅಲುಗುವುದು ಕಂಡರೂ, ಮಾದರಿ ಚಿತ್ರದಲ್ಲಿ ಧ್ವನಿಯಿಲ್ಲದ್ದರಿಂದ ವಿಭಾಗದಲ್ಲಿ ಧ್ವನಿಗೆ ಗುಂಡಿಯೇ ಹುಟ್ಟಲಿಲ್ಲ. ಇವತ್ತಿಗೂ ಗಾಜಿನ ಈ ಕಡೆ ಸ್ಪೀಕರ್ ಹಾಕುವುದಿಲ್ಲ. ಗಮನ ಕೆಡುತ್ತದಂತೆ.

ಕೆಲಸಕ್ಕೆ ಸೇರಿದ ಮೊದಲ ದಿನ ಅವಳೂ ಆ ಚಿತ್ರದ ಮುಂದೆ ಕೂತಿದ್ದಳು. ಪಟ್ಟಿ ಕಣ್ಣನ್ನು ಮರೆಸಿತ್ತು ನಿಜ. ಆದರೆ ಬಲಪಾದವನ್ನು ಎಡಪಾದದ ಮೇಲೇರಿಸಿ ಕೂರುವ ರೀತಿಯನ್ನು ಮರೆಸಿರಲಿಲ್ಲ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಲೇ ಇರುವ ಚಾಳಿಯನ್ನು ಮರೆಸಿರಲಿಲ್ಲ, ಮೊಣಕೈ ಹತ್ತಿರದ ಸುಟ್ಟ ಕಲೆಯನ್ನೂ ಮರೆಸಿರಲಿಲ್ಲ. ಮರದ ತುಂಡುಗಳನ್ನು ಆ ಪರಿ ಜೋಡಿಸುವವನು ಲೋಕದಲ್ಲಿ ಒಬ್ಬನೇ ಇದ್ದ, ಅವಳ ತಮ್ಮ, ಅಮ್ಮ ದೊರೆ ಎಂದು ಕರೆಯುವವನು. ಅವಳ ಹೆಬ್ಬೆರಳು ಗುಂಡಿಯ ಮೇಲೇ ಮರಗಟ್ಟಿತು. ಪಕ್ಕದ ಹುಡುಗಿ ಟಪಟಪ ಕೆಂಪು ಒತ್ತುತ್ತಾ, "ಕಲ್ಲು ಕಣ್ರೀ ಇವಳು" ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾಠದ ಕೊನೆಗೆ ಎಲ್ಲರ ಲೆಕ್ಕ ತಾಳೆ ನೋಡಿದ ಪ್ರೊಫೆಸರು ಅವಳ ಕಡೆ ತಿರುಗಿ, ಬೇಸರವನ್ನೂ ನಯವಾಗಿಯೇ ಹೇಳುವ ಅವರ ಧಾಟಿಯಲ್ಲಿ, "ನಿಮಗೆ ಗಮನ ಸಾಲದಮ್ಮ" ಅಂದರು. ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಹೋಯಿತು. ಆಮೇಲೆ ಹಟಕ್ಕೆ ಬಿದ್ದು ಎಲ್ಲರಿಗಿಂತ ಚೆನ್ನಾಗಿ ಗಮನಿಸಲು ಕಲಿತಳು. ಕಲಿಸುವವಳೂ ಆದಳು. ಕೈಯಲ್ಲಿ ಕೋಲು ಹಿಡಿದು, "ಈ ತಾಯಿಯ ಭುಜ ನೋಡಿ, ಎಷ್ಟು ಬಿಗಿಯಾಗಿದೆ" ಎಂದು ಹೇಳುವಾಗ ಅವಳ ದನಿ ನಡುಗದ ಹಾಗೆ ಆಗಿ ಎಷ್ಟೋ ಕಾಲವಾಗಿತ್ತು. ನಡುಗದಿದ್ದುದೇ ಈಗ ನೆನೆದರೆ ಮೈ ಉರಿಯುತ್ತಿತ್ತು.

ಏಕೆ ಬಾಯಿ ಬಿಡಲಿಲ್ಲ? ಕೆಲಸ ಹೋಗುತ್ತದೆಂದೇ? ಅಮ್ಮ ನೊಂದುಕೊಳ್ಳುತ್ತಾಳೆಂದೇ? ಎರಡೂ ಹೇಳಿಕೊಳ್ಳಲು ಚೆನ್ನಾಗಿದ್ದವು. ಆದರೆ ತಳದಲ್ಲಿ ಇನ್ನೊಂದಿತ್ತು: ಪ್ರೊಫೆಸರು ಹೇಳುವುದು ನಿಜವಿದ್ದರೆ? ಅಪ್ಪ ಬದುಕಿದ್ದ ತನಕ ಅದನ್ನೇ ಹೇಳಿದ. ದೊಡ್ಡ ಓದು ಓದಿದವರು ಹೇಳಿದ ಮೇಲೆ ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಉಪ್ಪು ಹೆಚ್ಚಾದರೂ, ದೊರೆ ಗೋಡೆಗೆ ತಲೆ ಚಚ್ಚಿಕೊಂಡರೂ, "ನೀನು ಮನುಷ್ಯಳಾಗಿದ್ದಿದ್ರೆ ಇವನು ಹೀಗಾಗ್ತಿದ್ನಾ?" ಎನ್ನುವ ಒಂದೇ ರಾಗ. ವಿಭಾಗದವರು ಚಿಕಿತ್ಸೆಯನ್ನೂ ಹೇಳಿಕೊಟ್ಟಿದ್ದರು. ದಿನಾ ಸಂಜೆ ಅಮ್ಮ ದೊರೆಯನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು, ಅವನು ಎಷ್ಟೇ ಒದ್ದಾಡಿದರೂ ಬಿಡಬಾರದು. ಮೈಗೆ ಬಟ್ಟೆ ತಾಗಿದರೂ ಸಹಿಸದ ಮಗು ಅದು. ಅವನು ಕಿರುಚುತ್ತಿದ್ದ, ಅಮ್ಮ ಅಳುತ್ತಾ ಹಿಡಿದುಕೊಂಡಿರುತ್ತಿದ್ದಳು, ಅಪ್ಪ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಅವಳು ಒಳಕೋಣೆಯಲ್ಲಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಅಮ್ಮ ನನ್ನನ್ನು ಇವತ್ತು ಮುಟ್ಟಿದಳೇ, ಮುಟ್ಟಿದ್ದರೆ ಯಾವಾಗ, ತಲೆ ಬಾಚುವಾಗಿನದು ಲೆಕ್ಕಕ್ಕೆ ಬರುತ್ತದೆಯೇ ಎಂದು ಯೋಚಿಸುತ್ತಿದ್ದಳು. ಗುಂಡಿ ಒತ್ತುವ ಕೆಲಸ ಅವಳಿಗೆ ವಿಭಾಗದವರು ಕೊಟ್ಟದ್ದಲ್ಲ. ಅವರು ಸಂಬಳ ಮಾತ್ರ ಕೊಟ್ಟರು.

ನಿನ್ನೆ ಮಧ್ಯಾಹ್ನ ಪ್ರೊಫೆಸರು ಎಲ್ಲರನ್ನೂ ಕರೆದು ಸಿಹಿ ಸುದ್ದಿ ಹೇಳುವವರ ಹಾಗೆ ಹೇಳಿದ್ದರು. ಮಕ್ಕಳ ಪಾಲನಾ ಮಂಡಳಿ ನಮ್ಮ ಪದ್ಧತಿಯನ್ನು ಒಪ್ಪಿಕೊಂಡಿದೆ. ಜೈಲಿನಿಂದ ಬಿಡುಗಡೆಯಾದ, ಆಶ್ರಯಧಾಮಗಳಲ್ಲಿರುವ ತಾಯಂದಿರ ಹತ್ತಿರ ಮಕ್ಕಳನ್ನು ಬಿಡಬೇಕೋ ಬೇಡವೋ ಎಂದು ಇನ್ನು ಮಂಡಳಿಯ ಅಧಿಕಾರಿಗಳು ಈ ಅಳತೆಯಿಂದಲೇ ತೀರ್ಮಾನ ಮಾಡುತ್ತಾರೆ. ನಾಳೆ ಅವರಿಗೆ ತರಬೇತಿ. ಮಾದರಿ ಚಿತ್ರವನ್ನು ಅವರಿಗೆ ಶಾಶ್ವತವಾಗಿ ಕೊಡುತ್ತಿದ್ದೇವೆ. "ತೋರಿಸೋಳು ನೀನೇ ಕಣಮ್ಮ. ನಿನ್ನಷ್ಟು ಚೆನ್ನಾಗಿ ಆ ಚಿತ್ರ ಗೊತ್ತಿರೋರು ಯಾರಿದ್ದಾರೆ?" ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ತಟ್ಟುವಾಗಲೇ, ಕಾರಿಡಾರಿನ ಬೆಂಚಿನ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬಳು ಹೆಂಗಸು ಹೋದ ತಿಂಗಳು ತನ್ನನ್ನು ತಡೆದು ಕೇಳಿದ್ದು ನೆನಪಾಯಿತು: "ಮೇಡಂ, ಒಳಗೆ ಹೇಗಿರ್ಬೇಕು? ನಗ್ತಾ ಇರ್ಲಾ? ಜಾಸ್ತಿ ನಕ್ರೆ ನಾಟಕ ಅಂತಾರಾ?" ನಿಯಮದ ಪ್ರಕಾರ ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಸಹಜವಾಗಿರಿ, ಅಂದು ಮುಂದೆ ಹೋಗಿದ್ದಳು. ಸಹಜವಂತೆ, ಸಹಜ! ಕನ್ನಡಿಯ ಹಿಂದೆ ಕೂತು ನೋಡುವವರಿದ್ದಾಗ ಯಾವ ತಾಯಿ ಸಹಜವಾಗಿರುತ್ತಾಳೆ?

ಸಂಜೆ ವಿಭಾಗದ ಲ್ಯಾಪ್‌ಟಾಪನ್ನು ಮನೆಗೆ ತಂದಳು. ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ದೊರೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಸ್ಕ್ರೂಗಳನ್ನು ಅಳತೆವಾರು ತಟ್ಟೆಗಳಿಗೆ ವಿಂಗಡಿಸುತ್ತಾ ಕಿಟಕಿಯ ಹತ್ತಿರ ಕೂತಿದ್ದ. ಅವನ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹೇಗೆ ಶುರುಮಾಡುವುದೆಂದು ತಿಳಿಯದೆ ಅವಳು ನೇರವಾಗಿ ಚಿತ್ರವನ್ನೇ ಹಾಕಿಬಿಟ್ಟಳು. ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಅಯ್ಯೋ ಇವಳ, ಇದು ನಾನಲ್ವೇನೇ! ಎಷ್ಟು ಸಣ್ಣಗಿದ್ದೆ ನೋಡು! ಏ ದೊರೆ, ಬಾರೋ ಇಲ್ಲಿ, ನೀನಿದೀಯ." ಆಮೇಲೆ ಪರದೆಗೆ ಬೆರಳಿಟ್ಟು, "ಕಣ್ಣಿಗ್ಯಾಕೆ ಪಟ್ಟಿ ಹೊಡೆದಿದಾರೆ? ನಾನೇನು ಕಳ್ಳಿನಾ?"

"ಗುರುತು ಸಿಗಬಾರದು ಅಂತ ಅಮ್ಮ. ನಿನ್ನ ಮಾನ ಕಾಪಾಡೋಕೆ."

"ನನ್ನ ಮಾನ ಕಾಪಾಡಿ ಅಂತ ಇವರ ಕೈಗೆ ಯಾವಾಗ ಕೊಟ್ಟಿದ್ದೆ? ಸೌಂಡ್ ಜೋರು ಮಾಡು."

"ಸೌಂಡ್ ಇಲ್ಲ."

"ಇಲ್ಲ ಅಂದ್ರೆ? ಆವತ್ತು ನಾನು ಬಾಯಿ ಮುಚ್ಚಿಲ್ಲ ಕಣೇ! ಗಂಟಲು ಒಣಗೋ ತನಕ ಇವನ ಜೊತೆ ಮಾತಾಡಿದೀನಿ. ಮುಟ್ಟಿದ್ರೆ ಕಿರುಚ್ತಿದ್ದ, ಮಾತಾಡ್ತಾ ಇದ್ರೆ ತಣ್ಣಗಿರ್ತಿದ್ದ. ಅದೊಂದೇ ದಾರಿ ಇತ್ತು ನಂಗೆ. ಆ ಮಾತೆಲ್ಲ ಎಲ್ಲಿ ಹೋಯ್ತು?"

ಅವಳು ಹೇಳಬೇಕಾಯಿತು. ಪುಸ್ತಕದಲ್ಲಿ ಏನಿದೆ, ಹೊಸಬರು ನೋಡಿ ಏನನ್ನುತ್ತಾರೆ, ನಾಳೆ ಯಾರು ಬರುತ್ತಾರೆ, ಎಲ್ಲ. ಅಮ್ಮ ಹುರುಳಿಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. "ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?" ಎಂದಳು. ನೀನು ನೊಂದುಕೊಳ್ಳುತ್ತೀಯ ಅಂತ, ಎಂದು ಅವಳು ಶುರುಮಾಡುವುದರೊಳಗೆ "ಸುಳ್ಳು ಹೇಳ್ಬೇಡ" ಎಂದುಬಿಟ್ಟಳು ಅಮ್ಮ. ಅಮ್ಮನಿಗೆ ಬೈಯುವುದು ಚೆನ್ನಾಗಿ ಬರುತ್ತಿತ್ತು, ಆದರೆ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ಅಮ್ಮ ಮತ್ತೆ ನಾರು ಬಿಡಿಸತೊಡಗಿದಳು. ಆಮೇಲೆ ಮಗಳೇ, ಹದಿಹರೆಯದವಳ ಹಾಗೆ ತಲೆ ತಗ್ಗಿಸಿಕೊಂಡು ಕೇಳಿದಳು. "ಪೂರ್ತಿ ಚಿತ್ರ ಅಲ್ಲಿ ಇದ್ರೂ ಇರಬಹುದಮ್ಮ. ಧ್ವನಿ ಸಮೇತ, ಪಟ್ಟಿ ಇಲ್ದೆ. ಸಿಕ್ಕಿದ್ರೆ ನಾಳೆ ಎಲ್ಲರ ಮುಂದೆ ಹಾಕ್ಲಾ? ಬೇಡ ಅಂದ್ರೆ ಬೇಡ."

ಅಮ್ಮ ನಕ್ಕಳು. "ಹಾಕ್ಲಾ ಅಂತ ಕೇಳ್ತಿರೋಳು ನೀನೇ ಮೊದಲನೆಯವಳು. ಹಾಕು. ಇಷ್ಟು ವರ್ಷ ಮುಖ ಇಲ್ದೆ ಬೈಸ್ಕೊಂಡಿದೀನಿ. ಇನ್ಮೇಲೆ ಬೈಯೋರು ಮುಖ ನೋಡಿ ಬೈಲಿ." ಆಮೇಲೆ ಕಿಟಕಿಯ ಕಡೆ ಗದ್ದ ಚಾಚಿ, "ಅವನನ್ನೂ ಕೇಳು. ಅವನದೂ ಮುಖ ತಾನೇ?" ಎಂದಳು. ದೊರೆ ಪರದೆಯನ್ನು ತುಂಬ ಹೊತ್ತು ನೋಡಿದ. "ಆ ಮರದ ತುಂಡು ನೀಲಿದು," ಎಂದ. "ಕಪ್ಪಲ್ಲ, ನೀಲಿ. ತೋರ್ಸು." ಎಂದು ಸ್ಕ್ರೂಗಳ ಕಡೆ ತಿರುಗಿದ.

ಈ ಬೆಳಿಗ್ಗೆ ಹಳೆ ಫಿಲ್ಮುಗಳ ಕೋಣೆಯಲ್ಲಿ ಮೂಲ ಚಿತ್ರ ಸಿಕ್ಕಿತು. ಯಾರೂ ಬಚ್ಚಿಟ್ಟಿರಲಿಲ್ಲ. ಹಳೆಯ ರೀಲುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ ಕಾಲದಲ್ಲಿ ಅದನ್ನೂ ಇಳಿಸಿ ಇಟ್ಟಿದ್ದರು. ಇಷ್ಟು ವರ್ಷ ಒಬ್ಬರೂ ತೆರೆದಿರಲಿಲ್ಲ ಅಷ್ಟೇ, ಮಾದರಿ ಚಿತ್ರ ಎಲ್ಲರಿಗೂ ಸಾಕಾಗಿತ್ತು. ಇಯರ್‌ಫೋನ್ ಕಿವಿಗಿಟ್ಟುಕೊಂಡಳು. ಮೊದಲು ಬರೀ ಗೊರಗೊರ. ಆಮೇಲೆ ಅಮ್ಮನ ದನಿ, ಈಗಿನದಕ್ಕಿಂತ ತೆಳ್ಳಗೆ, ಒಂದೇ ಸಮನೆ, ನಲ್ಲಿಯಿಂದ ಸಣ್ಣಗೆ ನೀರು ಬೀಳುವ ಹಾಗೆ. "ಇದಾದ್ಮೇಲೆ ಅದು. ಹಾಂ, ಅದಾದ್ಮೇಲೆ ಇದು. ನಾನಿಲ್ಲೇ ಇದೀನಿ, ನೀನು ಆಡ್ಕೋ. ಹತ್ರ ಬರಲ್ಲಪ್ಪ, ಬರಲ್ಲ. ಅಕ್ಕ ಸ್ಕೂಲಿಂದ ಬಂದಿರ್ತಾಳೆ ಈಗ. ಬೀಗ ನೋಡಿ ಪಕ್ಕದ ಮನೇಲಿ ಕೂತಿರ್ತಾಳೆ, ಪಾಪ. ಹೊಟ್ಟೆ ಹಸಿದ್ರೂ ಕೇಳಲ್ಲ ಅವಳು, ಬಲು ಬಿಂಕ. ಬೇಗ ಮುಗ್ಸಿ ಹೋಗೋಣ ದೊರೆ, ಅಕ್ಕ ಒಬ್ಬಳೇ ಇದಾಳೆ." ಅವಳು ಚಿತ್ರವನ್ನು ತಡೆದು ನಿಲ್ಲಿಸಿದಳು. ಪಕ್ಕದ ಮನೆಯ ಮೆಟ್ಟಿಲು, ಮಂಡಿಯ ಮೇಲಿದ್ದ ಚೀಲ, ಏನಾದರೂ ತಿಂತೀಯಾ ಅಂದರೆ ಬೇಡ ಅಂದದ್ದು. ಆವತ್ತು ಸಂಜೆ ಅಮ್ಮ ಬಂದು ಅವಳ ತಲೆಯನ್ನೂ ಮುಟ್ಟಿರಲಿಲ್ಲ, ಸೋತು ಸುಣ್ಣವಾಗಿ ನೇರ ಒಳಗೆ ಹೋಗಿದ್ದಳು. ಅವಳು ಅದನ್ನು ಲೆಕ್ಕ ಇಟ್ಟಿದ್ದಳು. ಇಟ್ಟಿದ್ದಳಲ್ಲ, ಛೀ! ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಪ್ರೊಫೆಸರು ನಿಂತಿದ್ದರು.

"ಬೆಳಿಗ್ಗೇನೇ ತಯಾರಿ ನಡೆದಿದೆಯಲ್ಲ, ಭೇಷ್," ಅಂದರು. ವಯಸ್ಸಾಗಿದ್ದರೂ ಇಸ್ತ್ರಿ ಮುರಿಯದ ಅಂಗಿ. ಕೆಟ್ಟವರಲ್ಲ. ಅವಳ ಅಪ್ಪ ಸತ್ತಾಗ ರಜೆ ಕೇಳುವ ಮೊದಲೇ ಕೊಟ್ಟವರು. ಅದೇ ಅವಳಿಗೆ ತೊಡಕಾಗಿದ್ದು. ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಎಂದೋ ಕೂಗಾಡಿ ಮುಗಿಸಿರುತ್ತಿದ್ದಳು.

"ಸರ್, ಈ ಚಿತ್ರದ ಧ್ವನಿ ಯಾಕೆ ತೆಗೆದ್ವಿ?"

"ಪಾಠ ಹೇಳೋಳು ನೀನೇ ಕೇಳ್ತೀಯಾ! ಗೌಪ್ಯತೆ. ಆಗಿನ ಕಾಲದಲ್ಲಿ ಯಾರು ಮಾಡ್ತಿದ್ರು ಹೇಳು? ಮುಖ, ಹೆಸರು, ಮನೆ ಎಲ್ಲ ಹಾಗ್ಹಾಗೇ ಹಾಕಿಬಿಡೋರು. ನಾವು ಆ ಹೆಂಗಸಿನ ಕಣ್ಣು ಮುಚ್ಚಿದ್ವಿ, ದನಿ ತೆಗೆದ್ವಿ. ಇವತ್ತಿಗೂ ಅವಳು ಯಾರು ಅಂತ ಒಂದು ನರಪಿಳ್ಳೆಗೂ ಗೊತ್ತಿಲ್ಲ." ಅವರ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. "ನೀತಿ ಅಂದ್ರೆ ಅದು ಕಣಮ್ಮ."

"ಅವಳನ್ನ ಆಮೇಲೆ ಯಾವತ್ತಾದ್ರೂ ಮಾತಾಡಿಸಿದ್ರಾ ಸರ್?"

"ಯಾತಕ್ಕೆ?" ಎಂದರು ಪ್ರೊಫೆಸರು. ಅದು ಉಡಾಫೆಯಲ್ಲ. ಅವರಿಗೆ ನಿಜಕ್ಕೂ ಯಾತಕ್ಕೆಂದು ಗೊತ್ತಾಗಿರಲಿಲ್ಲ. ಅವಳು ಕಂಪ್ಯೂಟರಿನ ಕಡೆ ತಿರುಗಿ ಪೂರ್ತಿ ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಳು, ಅವರ ಕಣ್ಣೆದುರೇ. ಚಿತ್ರದ ಉಳಿದ ಭಾಗವನ್ನು ಕೇಳಲು ಪುರುಸೊತ್ತು ಸಿಗಲಿಲ್ಲ.

ಸಭಾಂಗಣದಲ್ಲಿ ಮಂಡಳಿಯವರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಎರಡು ಗುಂಡಿಯ ಪುಟ್ಟ ಡಬ್ಬಿ. ಕೆಲವರು ಮಕ್ಕಳ ಆಟಿಕೆಯೇನೋ ಎಂಬಂತೆ ಒತ್ತಿ ನೋಡಿ ನಗುತ್ತಿದ್ದರು. ಸುಸ್ತಾದ ಮುಖಗಳು, ಸಭ್ಯ ಮುಖಗಳು. ಇವರಾರೂ ಮಕ್ಕಳನ್ನು ಕಿತ್ತುಕೊಳ್ಳಲು ಹೊರಟ ರಾಕ್ಷಸರಲ್ಲ. ಕೈಗೆ ಕೊಟ್ಟದ್ದನ್ನು ಒತ್ತುತ್ತಾರೆ, ಅಷ್ಟೇ. ಪ್ರೊಫೆಸರು ನಾಲ್ಕು ಮಾತಾಡಿದರು. ತಾಯಂದಿರನ್ನು ದೂರುವುದು ನಮ್ಮ ಉದ್ದೇಶವಲ್ಲ, ವಿಜ್ಞಾನ ಒಂದು ಕನ್ನಡಿ ಮಾತ್ರ, ಅಂದರು. ಯಾವ ಕಡೆಯಿಂದ ಸ್ವಾಮೀ, ಎಂದು ಅವಳ ಬಾಯಿತುದಿಗೆ ಬಂತು. ಈ ಕೆಲಸ ಇವತ್ತಿಗೆ ಮುಗಿಯಿತು, ನಾಳೆಯಿಂದ ಏನು ಎಂಬ ಯೋಚನೆ ಬಂತು. ಬಂದ ಹಾಗೇ ಹೋಯಿತು. ದೀಪ ಆರಿದವು.

"ಯಾವಾಗಲೂ ಈ ಚಿತ್ರದ ಒಂದು ತುಂಡು ತೋರಿಸ್ತೀವಿ," ಅಂದಳು. ದನಿ ತನ್ನದೇ ಅನ್ನಿಸಿತು. "ಇವತ್ತು ಪೂರ್ತಿ ತೋರಿಸ್ತೀನಿ. ಗುಂಡಿ ನಿಮ್ಮ ಕೈಯಲ್ಲೇ ಇದೆ. ಒತ್ತಬೇಕು ಅನ್ಸಿದ್ರೆ ಒತ್ತಿ."

ಪರದೆಯ ಮೇಲೆ ಅಮ್ಮನ ಕಣ್ಣು ಕಂಡವು, ದೊಡ್ಡ ಕಣ್ಣು, ನಿದ್ದೆಗೆಟ್ಟ ಕಣ್ಣು, ಮಗನ ಕೈ ಹೋದಲ್ಲೆಲ್ಲ ಹೋಗುವ ಕಣ್ಣು. ಇದಾದ್ಮೇಲೆ ಅದು, ಹಾಂ, ಅದಾದ್ಮೇಲೆ ಇದು. ಮುಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಪ್ರೊಫೆಸರು ಎದ್ದು ನಿಂತಿದ್ದರು.

"ಏನಮ್ಮಾ ಇದು? ನಿಲ್ಸು! ಗೌಪ್ಯತೆ ಅನ್ನೋದು... ಆ ಹೆಂಗಸಿನ ಒಪ್ಪಿಗೆ ಎಲ್ಲಿದೆ?"

"ನನ್ನ ಹತ್ರ ಇದೆ ಸರ್. ಅವಳು ನನ್ನ ಅಮ್ಮ. ನೀವು ಕೇಳಿರ್ಲಿಲ್ಲ, ನಿನ್ನೆ ನಾನು ಕೇಳ್ದೆ. ಆ ಹುಡುಗ ನನ್ನ ತಮ್ಮ. ಅವನನ್ನೂ ಕೇಳ್ದೆ."

ಪರದೆಯ ಮೇಲೆ ಅಮ್ಮ ಮಾತಾಡುತ್ತಲೇ ಇದ್ದಳು. ಪ್ರೊಫೆಸರು ಕೂರಲೂ ಇಲ್ಲ, ಹೊರಡಲೂ ಇಲ್ಲ. ಚಿತ್ರದಲ್ಲಿ ಕನ್ನಡಿಯ ಮೇಲಿನ ದೊಡ್ಡ ದೀಪ ಇದ್ದಕ್ಕಿದ್ದಂತೆ ಇನ್ನೂ ಪ್ರಖರವಾಯಿತು. ಚಿತ್ರ ಸ್ಪಷ್ಟವಾಗಿ ಬರಲೆಂದು ಯಾರೋ ಹೆಚ್ಚಿಸಿರಬೇಕು. ದೊರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಚೀರಿದ. ಆ ಚೀರು ಸಭಾಂಗಣದಲ್ಲಿ ಹೇಗಿತ್ತೆಂದರೆ ಕಿವಿಗೆ ಬೆರಳಿಡಲು ಅವಳ ಕೈ ತಾನಾಗಿ ಎದ್ದಿತು. ಅವಳು ಅದನ್ನು ಕೆಳಗಿಳಿಸಿದಳು. ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು, ಮಗನ ಕಡೆ ಕೈ ಚಾಚಿದಳು, ಮುಟ್ಟಬಾರದೆಂದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಮುಖ ತಿರುಗಿಸಿದಳು, ಕನ್ನಡಿಯ ಕಡೆಗೆ.

"ಒಳಗಡೆ ಇದೀರಲ್ಲ ಸ್ವಾಮಿ, ಆ ಲೈಟ್ ಸ್ವಲ್ಪ ಆರ್ಸಿ. ಅವನಿಗೆ ಕಣ್ಣು ನೋಯತ್ತೆ. ದಮ್ಮಯ್ಯ, ಆರ್ಸಿ."

ಯಾವಾಗಲೂ ಈ ಚಿತ್ರ ನಿಲ್ಲುತ್ತಿದ್ದುದು ಇಲ್ಲೇ. ಇವತ್ತು ನಿಲ್ಲಲಿಲ್ಲ. ಹತ್ತಿರದಿಂದ, ಗಾಜಿನ ಈ ಕಡೆಯ ಮೈಕಿನಿಂದ, ಒಬ್ಬ ಯುವಕನ ದನಿ ಕೇಳಿತು: "ಸರ್, ಆರಿಸ್ಲಾ?" ಅದಕ್ಕೆ ಉತ್ತರವಾಗಿ ಇನ್ನೊಂದು ದನಿ, ತರುಣ, ನಯವಾದ ದನಿ, ಈ ವಿಭಾಗದಲ್ಲಿ ಎಲ್ಲರಿಗೂ ಪರಿಚಯವಿದ್ದದ್ದು: "ಬೇಡ. ಬರ್ಕೋ. ಮಗು ಅಳುವಾಗ ತಾಯಿ ಮುಖ ತಿರುಗಿಸಿದಳು."

ಅವಳು ಇದನ್ನು ಕೇಳುತ್ತಿದ್ದುದು ಎಲ್ಲರ ಜೊತೆಗೇ, ಮೊದಲ ಸಲ. ಪ್ರೊಫೆಸರ ಮುಖದ ಮೇಲೆ ಪರದೆಯ ಬೆಳಕು ಬಿದ್ದಿತ್ತು. ಅವರು ತಮ್ಮ ದನಿ ಬಂದ ಸ್ಪೀಕರಿನತ್ತ ನೋಡುತ್ತಿದ್ದರು, ಅಲ್ಲಿ ಬೇರೆ ಯಾರೋ ಇದ್ದಾರೇನೋ ಎಂಬ ಹಾಗೆ. ಅಮ್ಮ ಮತ್ತೊಂದು ಸಲ ಬೇಡಿದಳು, ಮಗದೊಂದು ಸಲ ಬೇಡಿದಳು. ಆ ಕಡೆಯಿಂದ ಯಾರೂ ಓಗೊಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಬೇಡುವುದನ್ನು ನಿಲ್ಲಿಸಿ ಪೂರ್ತಿ ಎದ್ದಳು. ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ದೀಪಕ್ಕೂ ಮಗನಿಗೂ ನಡುವೆ ಇಟ್ಟು, ಅದರ ಮೇಲೆ ಹತ್ತಿ ನಿಂತಳು, ಅವನಿಗೆ ಬೆನ್ನು ಹಾಕಿ, ಎರಡೂ ಕೈ ಅಗಲಿಸಿ. ಅವಳ ನೆರಳು ಉದ್ದಕ್ಕೆ ಹಿಂದೆ ಚಾಚಿ ದೊರೆಯ ಮೇಲೆ ಬಿತ್ತು. ಅವನ ಚೀರು ಬಿಕ್ಕಾಯಿತು, ಬಿಕ್ಕು ನಿಂತಿತು. ನೆರಳಿನೊಳಗೆ ಒಂದು ಪುಟ್ಟ ಕೈ ಹೊರಬಂದು ಮರದ ತುಂಡೊಂದನ್ನು ಸಾಲಿಗೆ ಸೇರಿಸಿತು. ಅಮ್ಮ ಇಳಿಯಲಿಲ್ಲ. ಕನ್ನಡಿಯನ್ನೇ ದಿಟ್ಟಿಸುತ್ತಾ, ಅಂದರೆ ಕ್ಯಾಮೆರಾವನ್ನೇ, ಅಂದರೆ ಅಲ್ಲಿ ಕೂತಿದ್ದ ಒಬ್ಬೊಬ್ಬರನ್ನೂ ಪಟ್ಟಿಯಿಲ್ಲದ ಕಣ್ಣಿನಿಂದ ದಿಟ್ಟಿಸುತ್ತಾ ನಿಂತೇ ಇದ್ದಳು. ಸಭಾಂಗಣದಲ್ಲಿ ಒಂದೇ ಒಂದು ಗುಂಡಿಯ ಸದ್ದೂ ಕೇಳಲಿಲ್ಲ.

"ಸಾಕು," ಅಂದರು ಪ್ರೊಫೆಸರು. "ಸಾಕು. ನಿಲ್ಸಮ್ಮ, ದಮ್ಮಯ್ಯ."

"ಬೇಡ," ಎಂದು ಅವಳು ಮಂಡಳಿಯವರ ಕಡೆ ತಿರುಗಿದಳು. "ಬರ್ಕೊಳ್ಳಿ."